ಕುಂಟಿದ ಕಾವಲುಗಾರನ ಎರಡನೆಯ ವರ್ಷ

"ಗುರುಗಳೇ, ಮೊದಲನೆಯದನ್ನು ಅಷ್ಟು ಚೆನ್ನಾಗಿ ಮಾಡಿದವರೇ ಎರಡನೆಯದರಲ್ಲಿ ಏಕೆ ಸೋಲುತ್ತಾರೆ?"

ಕೇಳಿದವನು ಸಂಗಮೇಶ, ಚಿತ್ರಶಾಲೆಯ ಮೂರನೆಯ ವರ್ಷದ ಶಿಷ್ಯ. ಜಪಾನಿನ ಅನಿಮೆ ಸರಣಿಯೊಂದರ ಮೊದಲ ಸೀಸನ್ ನೋಡಿದ ಮೇಲೆಯೇ ಅವನು ಕುಂಚ ಹಿಡಿದಿದ್ದನು. ಎರಡು ವರ್ಷ ಕಾದ ನಂತರ ಎರಡನೆಯ ಸೀಸನ್ ಬಂದಿತು. ಪಾತ್ರಗಳು ಅವೇ, ಧ್ವನಿಗಳು ಅವೇ, ಚಿತ್ರ ಬರೆದ ಕೈಗಳೂ ಅವೇ. ಹನ್ನೆರಡು ಕಂತುಗಳನ್ನೂ ನೋಡಿದನು. ಒಂದೂ ಮನಸ್ಸಿನಲ್ಲಿ ನಿಲ್ಲಲಿಲ್ಲ. ಅವನು ಹಾಳೆಗಳ ಮೇಲೆ ಚಿತ್ರಗಳಲ್ಲೇ ಬರೆದ ಸ್ವಂತ ಕತೆಯ ಮೊದಲ ಭಾಗವನ್ನು ಶಾಲೆಯವರೆಲ್ಲ ಮೆಚ್ಚಿದ್ದರು. ಎರಡನೆಯದನ್ನು ಆ ತಿಂಗಳೇ ಆರಂಭಿಸಬೇಕಾಗಿತ್ತು.

"ಅವರು ಸೋಮಾರಿಗಳಾದರು ಎಂದು ತೋರುತ್ತದೆ," ಎಂದನು.

"ಸೋಮಾರಿತನಕ್ಕೆ ಬೆತ್ತ ಸಾಕು, ಕತೆ ಬೇಕಿಲ್ಲ. ಕುಳಿತುಕೋ," ಎಂದು ಗುರು ಬಸಲಿಂಗಯ್ಯನವರು ಈ ಕತೆ ಹೇಳಿದರು.

ಒಂದು ಊರಿಗೆ ಒಬ್ಬ ಸೂತ್ರದ ಗೊಂಬೆಯಾಟದವನು ಬಂದನು. ಜೊತೆಯಲ್ಲಿ ಹಾಡುವ ಹೆಂಡತಿ, ಮದ್ದಳೆ ಬಾರಿಸುವ ಅವಳ ತಮ್ಮ, ಒಂದು ಪೆಟ್ಟಿಗೆ ತುಂಬ ಗೊಂಬೆಗಳು. ಊರೂರು ತಿರುಗಿ ಆಡುವುದೇ ಅವರ ಬಾಳು, ನೆಲೆಯೆಂಬುದು ಇರಲಿಲ್ಲ. ಊರಿನ ಹಿರಿಯರು ಕೆರೆಯ ಬಳಿಯ ಮಂಟಪದಲ್ಲಿ ಏಳು ಸಂಜೆಗಳ ಆಟಕ್ಕೆ ಒಪ್ಪಿಗೆ ಕೊಟ್ಟರು.

ಆಟ ಒಬ್ಬ ಕೋಟೆಯ ಕಾವಲುಗಾರನದು. ಏಳನೆಯ ಸಂಜೆ, ಶತ್ರು ಬರುವ ಮುನ್ನ ಅವನು ಓಡಿ ಹೋಗಿ ಹೆಬ್ಬಾಗಿಲನ್ನು ಹೊರಗಿನಿಂದ ಎಳೆದು ಮುಚ್ಚಬೇಕು. ಓಡಬೇಕಾದ ಗಳಿಗೆಯಲ್ಲಿ ಗೊಂಬೆಯ ಎಡಗಾಲಿನ ಸೂತ್ರ ಗಂಟಿನಿಂದ ಜಾರಿತು. ಗೊಂಬೆಯನ್ನು ಕೆಳಗಿಳಿಸಿ ಗಂಟು ಕಟ್ಟಿದರೆ ಆಟ ಕೆಡುತ್ತದೆ. ಕಟ್ಟದಿದ್ದರೆ ಕಾಲು ಏಳದು.

ಬೇರೆ ದಾರಿ ಕಾಣದೆ ಗೊಂಬೆಯಾಟದವನು ಪರದೆಯ ಹಿಂದಿನಿಂದ, ಗಾಯಗೊಂಡ ಕಾಲನ್ನು ಎಳೆಯುವಂತೆ ಗೊಂಬೆಯನ್ನು ಒಂದು ಹೆಜ್ಜೆ ನಡೆಸಿದನು. ಹಾಡು ನಿಂತಿತು. ಮದ್ದಳೆ ಅವನ ಕೈ ನೋಡಿ ನಿಧಾನವಾಯಿತು. "ಬಾಗಿಲು ಹತ್ತು ಹೆಜ್ಜೆ, ಕಾಲು ಒಂದೇ," ಎಂಬ ಮಾತು ಅವನಿಗೇ ತಿಳಿಯದಂತೆ ಅವನ ಬಾಯಿಂದ ಬಂದಿತು. ಎರಡನೆಯ ಹೆಜ್ಜೆ ಹೇಗೆಂಬುದು ಮೊದಲನೆಯದು ಮುಗಿದ ಮೇಲೆಯೇ ಅವನಿಗೆ ಹೊಳೆಯಿತು. ಮೂರನೆಯದೂ ಹಾಗೆಯೇ. ಹತ್ತನೆಯ ಹೆಜ್ಜೆಗೆ ಬಾಗಿಲು ಮುಚ್ಚಿತು. ಕಾವಲುಗಾರನು ಹೊರಗುಳಿದನು. ದೀಪ ಆರಿಸಿದರೂ ಚಾಪೆಯ ಮೇಲಿನ ಜನ ಏಳಲಿಲ್ಲ.

ಹಿರಿಯರು ಹೇಳಿದರು: "ಹೊರಗುಳಿದವನು ಏನಾದನೆಂದು ನಮಗೆ ತಿಳಿಯಬೇಕು. ಬರುವ ವರ್ಷ ಬಾ. ಅದೂ ಹೀಗೆಯೇ ನಡೆದರೆ ಮಂಟಪದ ಹಿಂದಿನ ಮನೆ ನಿಮ್ಮ ಮೇಳಕ್ಕೆ."

ಆ ಮಾತು ಕೇಳಿ ಹೆಂಡತಿ ಅಂದೇ ಹೋಗಿ ಆ ಮನೆಯ ಒಲೆ ಯಾವ ದಿಕ್ಕಿಗಿದೆಯೆಂದು ನೋಡಿ ಬಂದಳು.

ಗೊಂಬೆಯಾಟದವನು ಹನ್ನೊಂದು ತಿಂಗಳು ದುಡಿದನು. ಗೊಂಬೆಗಳಿಗೆ ಹೊಸ ಬಣ್ಣ ಹಚ್ಚಿದನು, ರೇಷ್ಮೆ ಉಡಿಸಿದನು, ಎರಡು ದೀಪಗಳಿದ್ದಲ್ಲಿ ಆರು ಕಟ್ಟಿದನು. ಹೋದ ಕಡೆಯಲ್ಲೆಲ್ಲ ಜನ ಆ ಕುಂಟು ನಡಿಗೆಯನ್ನೇ ಹೊಗಳುತ್ತಿದ್ದರು. ಹೊಗಳಿಕೆಯನ್ನು ಅವನು ಶ್ರದ್ಧೆಯಿಂದ ಕೇಳಿದನು. ಕಾವಲುಗಾರನ ಎಡಗಾಲಿನ ಗಂಟನ್ನು ತಾನೇ ಸಡಿಲಿಸಿ, ಕಾಲು ಎಷ್ಟು ಜೋತುಬೀಳಬೇಕೆಂದು ಬೆರಳಿಟ್ಟು ಅಳೆದನು. ಒಬ್ಬನು ಕುಂಟಿದ್ದಕ್ಕೇ ಇಷ್ಟು ಮೆಚ್ಚಿದರು ಎಂದು ಯೋಚಿಸಿ ಕಾವಲುಗಾರನ ಅಣ್ಣನ ಗಂಟನ್ನೂ ಸಡಿಲಿಸಿದನು. ನಂತರ ಶತ್ರುವಿನ ದಳಪತಿಯದು. ನಂತರ ರಾಣಿಯದು. ಕೊನೆಗೆ ಕುದುರೆಯನ್ನು ಕೈಗೆತ್ತಿಕೊಂಡನು.

ಮದ್ದಳೆಯವನು ನೋಡುತ್ತ ಕುಳಿತಿದ್ದನು. "ಭಾವ, ಕುದುರೆಯೂ ಕುಂಟಬೇಕೇ?"

"ಜನಕ್ಕೆ ಹಿಡಿಸಿದ್ದು ಅದೇ ಅಲ್ಲವೇ?"

"ಹಿಡಿಸಿದ್ದು ನಿಜ. ಆದರೆ ಕುಂಟನನ್ನು ಹೊತ್ತುಕೊಂಡು ಹೋಗುವುದಾದರೂ ನೆಟ್ಟಗಿರಲಿ."

"ನೀನು ತಾಳ ನೋಡಿಕೋ," ಎಂದು ಗೊಂಬೆಯಾಟದವನು ಕುದುರೆಯ ಗಂಟನ್ನೂ ಸಡಿಲಿಸಿದನು.

ಎರಡನೆಯ ವರ್ಷ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಸಂಜೆ ಕಾವಲುಗಾರನು ಕಾಲೆಳೆಯುತ್ತ ಬಂದಾಗ ಜನ ಚಪ್ಪಾಳೆ ತಟ್ಟಿದರು. ಎರಡನೆಯ ಸಂಜೆ ಅಣ್ಣ ಕುಂಟಿದನು, ಚಪ್ಪಾಳೆ ಕಡಿಮೆಯಾಯಿತು. ಮೂರನೆಯ ಸಂಜೆ ದಳಪತಿ. ನಾಲ್ಕನೆಯ ಸಂಜೆ ರಾಣಿಯು ಕಾಲೆಳೆಯುತ್ತ ಬಂದು ಸೆರೆಸಿಕ್ಕ ಮಗನ ಮುಂದೆ ನಿಂತಳು. ಜನ ಅಳಬೇಕಾದ ಸ್ಥಳ ಅದು. ಮುಂದಿನ ಸಾಲಿನ ಒಬ್ಬ ಮುದುಕಿ ಪಕ್ಕದವಳಿಗೆ ಹೇಳಿದಳು: "ಇವರ ಊರಿನ ದಾರಿಯ ತುಂಬ ನೆಗ್ಗಿಲುಮುಳ್ಳೇ ಇರಬೇಕು, ತಾಯಿ. ಮೊದಲು ಯಾರಾದರೂ ಗುಡಿಸಬಾರದೇ?"

ಮಂಟಪವೆಲ್ಲ ನಕ್ಕಿತು. ಪರದೆಯ ಹಿಂದೆ ಗೊಂಬೆಯಾಟದವನು ಅಭ್ಯಾಸ ಮಾಡಿದ್ದ ಹೆಜ್ಜೆಗಳನ್ನು ಎಣಿಸಿ ಮುಗಿಸಿದನು. ಒಂದೂ ತಪ್ಪಲಿಲ್ಲ.

ಏಳನೆಯ ಸಂಜೆಗೆ ಅರ್ಧ ಚಾಪೆಗಳು ಖಾಲಿಯಿದ್ದವು. ಹಿರಿಯರು ಬಂದು, "ಚೆನ್ನಾಗಿತ್ತು," ಎಂದರು. ಮುಂದೇನಾಯಿತೆಂದು ಈ ಸಲ ಕೇಳಲಿಲ್ಲ. ಮನೆಯ ಮಾತನ್ನೂ ಎತ್ತಲಿಲ್ಲ. ಹೆಂಡತಿ ಯಾರೂ ಹೇಳದೆಯೇ ಪೆಟ್ಟಿಗೆಗೆ ಹಗ್ಗ ಬಿಗಿದಳು.

ಊರ ಗಡಿ ದಾಟಿದ ಮೇಲೆ ಗೊಂಬೆಯಾಟದವನು ಬಾಯಿಬಿಟ್ಟನು. "ಗೊಂಬೆ ಅದೇ, ಕೈ ಅದೇ. ದುಡಿಮೆ ಮೊದಲಿಗಿಂತ ಹೆಚ್ಚು. ಕಡಿಮೆಯಾದದ್ದು ಏನು?"

ಮದ್ದಳೆಯವನು ಮದ್ದಳೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡನು. "ಹೋದ ವರ್ಷ ನಿಮ್ಮ ಕೈಯಿಂದ ಕಣ್ಣು ತೆಗೆಯಲು ನನಗೆ ಧೈರ್ಯವಾಗಲಿಲ್ಲ, ಭಾವ. ಈ ವರ್ಷ ಏಳು ಸಂಜೆಯೂ ಕಣ್ಣು ಮುಚ್ಚಿಯೇ ಬಾರಿಸಿದೆ. ತಾಳ ಎಲ್ಲಿಯೂ ತಪ್ಪಲಿಲ್ಲ."

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಸಂಗಮೇಶನಿಗೆ ಸಮಾಧಾನವಾಗಲಿಲ್ಲ. ತನ್ನ ಎರಡನೆಯ ಭಾಗಕ್ಕೆಂದು ಅವನು ಗೀಟು ಹಾಕಿದ್ದ ಹಾಳೆಗಳಲ್ಲಿ, ಶಾಲೆಯವರು ಮೆಚ್ಚಿದ್ದ ದೃಶ್ಯವೇ ಮೂರು ಕಡೆ ಬರುತ್ತಿತ್ತು. ಅದನ್ನು ಅವನು ಇನ್ನೂ ಯಾರಿಗೂ ತೋರಿಸಿರಲಿಲ್ಲ.

"ಹಾಗಾದರೆ ಎರಡನೆಯ ವರ್ಷ ಅವನು ಏನು ಮಾಡಬೇಕಾಗಿತ್ತು, ಗುರುಗಳೇ?"

"ಎಲ್ಲ ಗಂಟುಗಳನ್ನೂ ಬಿಗಿಯಾಗಿ ಕಟ್ಟಿ, ಯಾವುದು ಬಿಚ್ಚೀತೆಂದು ತಿಳಿಯದೆ ಆಡಬೇಕಾಗಿತ್ತು."

ಸಂಗಮೇಶನು ಹೋಗಿ, ಆ ದೃಶ್ಯವಿದ್ದ ಹಾಳೆಗಳನ್ನು ಬದಿಗಿಟ್ಟು, ಖಾಲಿ ಹಾಳೆಯೊಂದನ್ನು ಮುಂದಿಟ್ಟುಕೊಂಡನು.