ಕಾವು ಕೂತ ಕೋಳಿಯ ಊಟ

ಇದು ನಾನು ಕಣ್ಣಾರೆ ಕಂಡದ್ದು. ಆಗ ಕಣ್ಣು ಮುಚ್ಚಿ ಮಲಗಿದ್ದೆ ಎಂಬುದು ಬೇರೆ ಮಾತು. ಹೊಟ್ಟು ತುಂಬಿದ ಬುಟ್ಟಿಯಲ್ಲಿ ಹನ್ನೊಂದು ಮೊಟ್ಟೆಗಳಿಗೆ ಕಾವು ಕೂತ ಕೋಳಿಯೊಬ್ಬಳು ದಿನಕ್ಕೊಮ್ಮೆ ಕೆಳಗಿಳಿದು, ಹೊಟ್ಟೆ ತುಂಬ ಕಾಳು ತಿಂದು ಬರುತ್ತಿದ್ದಳು. ಅದನ್ನು ಕಂಡು ಕೆರೆಯ ಕೊಕ್ಕರೆಯೊಬ್ಬಳು ನಕ್ಕಳು: “ಕೂತಲ್ಲೇ ಕೂರುವವಳಿಗೆ ಇಷ್ಟು ಊಟವೇ, ತಂಗಿ? ನಾಲ್ಕೇ ಕಾಳು ತಿನ್ನು, ನನ್ನಂತೆ ತೆಳ್ಳಗಾಗುತ್ತೀಯ.”

ಕೋಳಿ ಹಾಗೇ ಮಾಡಿದಳು. ಮೂರನೆಯ ದಿನ ಮೊಟ್ಟೆಯೊಳಗಿನಿಂದ ದನಿ ಬಂತು: “ಅವ್ವಾ, ಚಳಿ!”

ಕೋಳಿ ಬೆಚ್ಚಿಬಿದ್ದಳು. “ಅಯ್ಯೋ, ಈ ಮೈಗೆ ನನಗಿಂತ ಬುದ್ಧಿಯಿದೆ! ಕಾಳು ಕಡಿಮೆಯಾದದ್ದು ಕಂಡು ತಾನೇ ಒಳಗಿನ ಒಲೆಯ ಉರಿ ತಗ್ಗಿಸಿಬಿಟ್ಟಿದೆ” ಎಂದವಳೇ ಬುಟ್ಟಿಯಿಂದ ಹಾರಿ, ಮೊರದಲ್ಲಿದ್ದ ಜೋಳವನ್ನೆಲ್ಲ ಮುಕ್ಕಿ ಬಂದು ಕೂತಳು. ದಿನವೂ ಹಾಗೇ ತಿಂದಳು, ಗಟ್ಟಿಗಿತ್ತಿ. ಮೈ ಮತ್ತೆ ಬಿಸಿಯಾಯಿತು.

ಕೆಲವು ದಿನ ಕಳೆದು ಕೊಕ್ಕರೆ ಬಂದಳು. “ಏನೇ, ಹೀಗೆ ಊದಿಕೊಂಡಿದ್ದೀಯಲ್ಲ!”

“ಇದು ನಾನೊಬ್ಬಳೇ ಅಲ್ಲ ಅಕ್ಕಾ, ನೋಡು” ಎಂದು ಕೋಳಿ ರೆಕ್ಕೆ ಎತ್ತಿದಳು. ಹನ್ನೊಂದು ಮರಿಗಳು ಇಣುಕಿದವು.

ಕೊಕ್ಕರೆ ಕೆರೆಗೆ ಹೋಗಿ, ಒಂದು ಕಾಲನ್ನು ಮಡಚಿ ಹೊಟ್ಟೆಗೆ ಅವುಚಿಕೊಂಡು ನಿಂತಳು. ಅದನ್ನು ಜನ ತಪಸ್ಸು ಅನ್ನುತ್ತಾರೆ. ನನ್ನಾಣೆ, ಅದು ಚಳಿ.