ಒಡೆದ ಗಂಟೆ

ಎರಕದ ಕಾರ್ಖಾನೆಯೊಂದರ ಜೊತೆ ಸಂಶೋಧನೆಗೆ ಹೊರಟಿದ್ದ ಶಿಷ್ಯ ಗುರುವಿನ ಬಳಿ ಬಂದು ಕೇಳಿದ: “ನನ್ನ ಒಳ್ಳೆಯ ಫಲಿತಾಂಶಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡಿದ್ದೇನೆ. ಇನ್ನೇನು ಒಯ್ಯಲಿ, ಗುರುಗಳೇ?”

ಗುರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು:

ಒಬ್ಬ ಎರಕದವನಿದ್ದ. ಮಣ್ಣಿನ ಅಚ್ಚನ್ನು ಒಳಗಿಟ್ಟು, ಅದರ ಸುತ್ತ ಕರಗಿದ ಕಂಚು ಹೊಯ್ದು ಗಂಟೆ ಮಾಡುತ್ತಿದ್ದ. ಆ ಅಚ್ಚನ್ನು ಕಲ್ಲಿನಂತೆ ಬಡಿದು ಗಟ್ಟಿ ಮಾಡುವುದು ಅವನ ಹೆಮ್ಮೆ. ಊರಿನವರು ಅವನಿಗೆ ದೊಡ್ಡದೊಂದು ಗಂಟೆ ಮಾಡಲು ಹೇಳಿದರು. ಎರಡು ಸಲ ಹೊಯ್ದ. ಎರಡು ಸಲವೂ ಆರುವಾಗ ಬಿರುಕು ಬಿಟ್ಟಿತು. ಇನ್ನೊಮ್ಮೆ ಹೀಗಾದರೆ ಕೆಲಸ ಬೇರೆಯವರಿಗೆ ಎಂದರು. ಆತ ಹೋಗಿ, ಲೋಹಗಳ ಗುಣ ಓದಿದ್ದ ಪಂಡಿತನೊಬ್ಬನನ್ನು ಕರೆತಂದ.

ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವ. ಎರಕದವ ತನ್ನ ಹಳೆಯ ಗಂಟೆಗಳನ್ನು ಬಾರಿಸಿ ಕೇಳಿಸಿದ. ಪಂಡಿತ ತಾಳೆಯಾದ ಲೆಕ್ಕಗಳನ್ನು ಬಿಡಿಸಿ ತೋರಿಸಿದ. ಒಡೆದ ಗಂಟೆಯನ್ನು ಹೊರಗಿನವರಿಗೆ ತೋರಿಸುವ ಪದ್ಧತಿ ಎರಕದವರಲ್ಲಿಲ್ಲ. ಅದು ಸದ್ದಿಲ್ಲದೆ ಕುಲುಮೆಗೆ ಮರಳುತ್ತದೆ. ತಪ್ಪಿದ ಲೆಕ್ಕವನ್ನು ಹಲಗೆಯ ಮೇಲೆ ಉಳಿಸುವ ಅಭ್ಯಾಸ ಪಂಡಿತನಿಗೂ ಇರಲಿಲ್ಲ.

ಇಬ್ಬರೂ ಸೇರಿ ಪರೀಕ್ಷೆಗೆಂದು ಸಣ್ಣ ಗಂಟೆಯೊಂದನ್ನು ಹೊಯ್ದರು. ಮರುದಿನ ಪಂಡಿತ ಬೇಗನೆ ಬಂದ. ಎರಕದವ ಗೋಣಿಯಲ್ಲಿ ಏನನ್ನೋ ಸುತ್ತಿಕೊಂಡು ಕುಲುಮೆಯತ್ತ ಹೊರಟಿದ್ದ.

“ಅದೇನಯ್ಯಾ, ಎಳೆಮಗುವನ್ನು ಸುತ್ತಿದ ಹಾಗೆ ಸುತ್ತಿದ್ದೀಯ?”

“ನೋಡಬೇಡಿ ಸ್ವಾಮಿ, ಮಾನ ಹೋಗುತ್ತದೆ.”

“ನನ್ನದು ನಿನ್ನೆಯೇ ಹೋಯಿತು. ಗಂಟೆ ಆರುವಾಗ ಎಷ್ಟು ಕುಗ್ಗುತ್ತದೆಂದು ಲೆಕ್ಕ ಹಾಕಿದೆ. ಒಳಗಿರುವ ಅಚ್ಚಿಗಿಂತ ಗಂಟೆಯ ಹೊಟ್ಟೆಯೇ ಚಿಕ್ಕದು ಅಂತ ಬಂತು! ಹುಚ್ಚು ಲೆಕ್ಕ ಎಂದು ಅಳಿಸಿಬಿಟ್ಟೆ.”

ಎರಕದವ ನಿಂತ. ಗೋಣಿಯನ್ನು ನೆಲಕ್ಕಿಳಿಸಿ ಬಿಚ್ಚಿದ. ಒಡೆದ ಸಣ್ಣ ಗಂಟೆ. ಬಿರುಕು ಅದರ ಒಳಗಿನಿಂದ ಶುರುವಾಗಿತ್ತು.

“ಹುಚ್ಚಲ್ಲ ಸ್ವಾಮಿ,” ಎಂದ. “ಇದು ಕುಗ್ಗಲು ನೋಡಿದೆ, ನನ್ನ ಮಣ್ಣು ಜಾಗ ಕೊಟ್ಟಿಲ್ಲ. ಎಷ್ಟು ಜಾಗ ಬೇಕು ಹೇಳಿ, ಅದಕ್ಕೆ ತಕ್ಕಷ್ಟು ಹೊಟ್ಟು ಬೆರೆಸಿ ಮೆದು ಮಾಡುತ್ತೇನೆ.”

ಪಂಡಿತ ಅಳಿಸಿದ ಲೆಕ್ಕವನ್ನು ಮತ್ತೆ ಬರೆದ. ಎರಕದವ ಅಚ್ಚಿನ ಮಣ್ಣನ್ನು ಮತ್ತೆ ಕಲಸಿದ. ದೊಡ್ಡ ಗಂಟೆ ಇಡಿಯಾಗಿ ಹೊರಬಂತು. ಅದನ್ನು ಮೊದಲು ಯಾರು ಬಾರಿಸಬೇಕು ಎಂಬುದಕ್ಕೆ ಮಾತ್ರ ಇಬ್ಬರೂ ಬಹಳ ಹೊತ್ತು ಜಗಳವಾಡಿದರು. ನೀನೇ ಬಾರಿಸು, ನೀವೇ ಬಾರಿಸಿ ಎಂದು.

ಶಿಷ್ಯ ನಕ್ಕ. ಗುರುವೂ ನಕ್ಕರು. ಆಮೇಲೆ ಅವನ ಚೀಲವನ್ನು ಮೆಲ್ಲಗೆ ತಮ್ಮತ್ತ ಎಳೆದುಕೊಂಡು ಕೇಳಿದರು:

“ಇದರಲ್ಲಿ ಒಡೆದದ್ದು ಏನಿದೆ, ಮಗು?”

ಶಿಷ್ಯ ಎದ್ದು, ಬದಿಗಿಟ್ಟಿದ್ದ ತನ್ನ ವಿಫಲ ಪ್ರಯೋಗಗಳ ಟಿಪ್ಪಣಿಗಳನ್ನು ತರಲು ಹೊರಟ.