ಸಿಂಗ್ರ ಬಾಣಂತಿ ಅಕ್ಕನಿಗೆ ಗಾಳದ ಮೀನು ತಂದದ್ದು

ಊರಿಗೊಂದು ಕೆರೆ, ಕೆರೆಗೊಂದು ಏರಿ, ಏರಿಯ ಕೆಳಗೊಂದು ಗುಡಿಸಲು. ಗುಡಿಸಲಲ್ಲಿ ಬೆಸ್ತರ ಹೊಂಬಾಳವ್ವ, ಅವಳಿಗೊಬ್ಬ ಮಗ ಸಿಂಗ್ರ. ಆಳು ನೋಡಿದರೆ ತೆಂಗಿನ ಮರ, ಬುದ್ಧಿ ನೋಡಿದರೆ ಆ ಮರದ ನೆರಳೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಎಳ್ಳಿನಷ್ಟು ಹೆಚ್ಚಿಲ್ಲ, ಎಳ್ಳಿನಷ್ಟು ಕಮ್ಮಿಯಿಲ್ಲ. ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ.

"ಇವನ ಕಾಲಿಗೆ ಚಕ್ರ ಕಟ್ಟಿದ ದೇವರು ತಲೆಗೆ ಬೀಗ ಹಾಕಿ ಬೀಗದಕೈ ಎಲ್ಲಿಟ್ಟನೋ!" ಅಂತ ಹೊಂಬಾಳವ್ವ ದಿನಕ್ಕೆ ಹತ್ತು ಸಲ ಹಣೆ ಚಚ್ಚಿಕೊಳ್ಳೋಳು.

ಆ ಸಲ ಮಗಳು ಚೆನ್ನಾಜಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ಹುಟ್ಟಿ ಐದು ದಿನವಾದರೂ ತಾಯಿಗೆ ಹಾಲಿಲ್ಲ. ಕೂಸು ಅಳುತ್ತೆ, ಚೆನ್ನಾಜಿ ಗೋಡೆ ಕಡೆ ಮುಖ ಮಾಡಿ ಮಲಗುತ್ತಾಳೆ. ಹೊಂಬಾಳವ್ವ ಒಳಗೆ ಹೋಗುತ್ತಾಳೆ, ಹೊರಗೆ ಬರುತ್ತಾಳೆ. ಮನೆಯ ಮೇಕೆಯ ಹಾಲಿಗೆ ಬಟ್ಟೆಬತ್ತಿ ಅದ್ದಿ ಕೂಸಿನ ಬಾಯಿಗೆ ಹಿಂಡುತ್ತಾಳೆ. ಅರ್ಧ ಒಳಗೆ, ಅರ್ಧ ಹೊರಗೆ.

ಸೂಲಗಿತ್ತಿ ದೇವೀರಜ್ಜಿ ಬಂದು ನೋಡಿದಳು. "ಮೇಕೆ ಹಾಲು ಎಷ್ಟು ದಿನಾಂತ ಹಿಂಡೀಯೆ? ಕೊರವ ಮೀನಿನ ಸಾರು ಕುಡಿಸು. ಕೋಡಿ ಬಿದ್ದಂಗೆ ಹಾಲು ಬತ್ತದೆ."

ಕೊರವ ಮೀನು ಇರೋದು ಜೊಂಡಿನ ಬುಡದಲ್ಲಿ. ಅಲ್ಲಿ ಬಲೆ ಬೀಸಿದರೆ ಬಲೆಯೇ ಹರಿಯುತ್ತೆ. ಗಾಳವೇ ಆಗಬೇಕು. ಹೊಂಬಾಳವ್ವನ ಗಂಡ ನೋಡಿದರೆ ಯಾವುದೋ ಹಿನ್ನೀರಿಗೆ ಬಲೆ ಹೊತ್ತು ಹೋದವನು ತಿಂಗಳಾದರೂ ಪತ್ತೆಯಿಲ್ಲ. ಬಾಣಂತಿ ಒಬ್ಬಳನ್ನೇ ಬಿಟ್ಟು ತಾನು ಹೋಗುವಂತಿಲ್ಲ. ಉಳಿದವನು ಯಾರು? ಸಿಂಗ್ರ!

"ಏ ಸಿಂಗ್ರಾ! ದೊಡ್ಡ ಮೀನು ಬೇಕು ಕಣ್ಲಾ. ದೊಡ್ಡ ಗಾಳ ನೋಡಿ ತಗೊಂಡೋಗಿ ಹಾಕು. ಓಡು!"

ಓಡಿದ. ಊರೆಲ್ಲ ಸುತ್ತಿದ. ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ಗಾಳ ಯಾವುದು? ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ! ಒಂದಲ್ಲ, ಹನ್ನೆರಡು ಕೊಕ್ಕೆ! ಹೊತ್ತುಕೊಂಡು ಬಂದ, ಎತ್ತಿ ಕೆರೆಗೆ ಬಿಸಾಡಿದ. ಧುಡುಂ! ಕೊಕ್ಕರೆಗಳೆಲ್ಲ ಎದ್ದು ಪಕ್ಕದ ಊರಿಗೆ ಹೋದವು.

"ಅವ್ವಾ, ಮೀನು ಬರ್ನಿಲ್ಲ. ಕೊಡ ಬಂತು!"

"ಅಯ್ಯೋ ನಿನ್ನ ಬಾಯಿಗೆ ಮಣ್ಣಾಕ! ಅದನ್ನ ನುಂಗೋಕೆ ಮೀನು ಬಾಯೇನು ಊರಬಾಗಿಲೇನ್ಲಾ? ಮೊದಲು ಬಾಯಿ ನೋಡ್ಬೇಕು, ಬಾಯಿಗೆ ತಕ್ಕಂಗೆ ಗಾಳ ಆರಿಸ್ಬೇಕು! ಹೋಗು, ಶೆಟ್ಟರ ಅಂಗಡೀಲಿ ತಗೊಂಡು ಬಾ."

"ಅಷ್ಟು ತಿಳೀದಾ ನಂಗೆ? ಬಾಯಿ ನೋಡೋದು, ಗಾಳ ಆರ್ಸೋದು!"

ಹೋದ. ಅಂಗಡಿಯಲ್ಲಿ ಮರಿಶೆಟ್ಟರು ಕೂತಿದ್ದಾರೆ. ಮುಂದೆ ಡಬ್ಬಿ, ಡಬ್ಬಿಯಲ್ಲಿ ಗಾಳ. ಜೀರಿಗೆಯಷ್ಟು ಸಣ್ಣದು, ಹುಣಸೆಬೀಜದಷ್ಟು ಮಧ್ಯದ್ದು, ಬೆರಳಿನಷ್ಟು ದೊಡ್ಡದು.

"ಶೆಟ್ರೇ, ಬಾಯಿ ತೆಗೀರಿ."

"ಯಾಕ್ಲಾ?"

"ನೋಡ್ಬೇಕು. ಅವ್ವ ಹೇಳವಳೆ."

ಹಲ್ಲುನೋವಿಗೆ ಹೊಂಬಾಳವ್ವ ಏನೋ ಮದ್ದು ಕಳಿಸಿರಬೇಕು ಅಂತ ಶೆಟ್ಟರು ಆಸೆಯಿಂದ ಆ ಅಂತ ತೆಗೆದರು. ಸಿಂಗ್ರ ಇಣುಕಿದ, ಎರಡು ಬೆರಳು ಹಾಕಿ ಅಗಲ ನೋಡಿದ. ಡಬ್ಬಿಯಿಂದ ಎಲ್ಲಕ್ಕೂ ದೊಡ್ಡ ಗಾಳ ಎತ್ತಿ, "ಇದು ಸರಿಹೋಯ್ತದೆ, ಅಲುಗಾಡ್ಬೇಡಿ" ಅಂತ ತುಟಿಗೆ ಹಿಡಿದ! ಶೆಟ್ಟರು ಬಟ್ಟೆ ಅಳೆಯುವ ಗಜಕೋಲು ತಗೊಂಡು ಕೆರೆ ಏರಿತನಕ ಅಟ್ಟಿಸಿಕೊಂಡು ಬಂದರು.

"ಥೂ ಪೆದ್ದ ಮುಂಡೇದೇ!" ಅಂದಳು ಹೊಂಬಾಳವ್ವ. ಒಳಗೆ ಕೂಸು ಕಿರುಚುತ್ತಿದೆ, ಇವಳ ಒಂದು ಕಿವಿ ಅಲ್ಲಿ. "ಶೆಟ್ಟಪ್ಪನ್ನ ಸಾರು ಮಾಡಾಕಾಯ್ತದಾ? ಸಣ್ಣ ಗಾಳ ಸಾಕು ಕಣ್ಲಾ! ಎರೆಹುಳದೊಳಗೆ ಅಡಗ್ಬೇಕು. ದಾರ ಮುಳುಗ್ಸೋಕೆ ಕಟ್ಟೋ ತೂಕಾನೂ ಜಾಸ್ತಿ ಬೇಡ, ಒಂದು ಮೆಣಸಿನಕಾಳಷ್ಟು. ಗಾಳಕ್ಕಿಂತ ಒಂದು ಗೇಣು ಕೆಳಗೆ ಕಟ್ಟು. ತೂಕ ಕೆಳಗೆ ಕೂತಿರ್ಬೇಕು, ಹುಳ ಕೆಸರಿಗೆ ತಾಗ್ದಂಗೆ ಮೇಲೆ ಕುಣೀತಿರ್ಬೇಕು. ತಿಳೀತಾ?"

"ತಿಳೀತು!"

ಅಡುಗೆಮನೆಗೆ ಹೋದ, ಡಬ್ಬಿ ತೆಗೆದ, ಮೆಣಸಿನಕಾಳನ್ನು ಒಂದೊಂದಾಗಿ ನೋಡಿ ಒಂದನ್ನು ಆರಿಸಿದ. ಗೇಣು ಅಳೆದು ಕಟ್ಟಿದ. ಸಣ್ಣ ಗಾಳ, ಸಣ್ಣ ಹುಳ, ಎಲ್ಲ ಸರಿ. ನೀರಿಗೆ ಬಿಟ್ಟ. ಮೆಣಸು ತೇಲಿತು, ದಾರ ತೇಲಿತು, ಹುಳವೂ ತೇಲಿತು. ಕಾಗೆ ಬಂತು, ಹುಳ ಕಚ್ಚಿತು, ಹೋಯಿತು.

"ಅವ್ವಾ, ಗಾಳಕ್ಕೆ ಕಾಗೆ ಬೀಳೋದಿತ್ತು, ಸ್ವಲ್ಪದ್ರಲ್ಲಿ ತಪ್ಪೋಯ್ತು!"

"ಮೆಣಸು ಕಟ್ಟಿದ್ಯೇನ್ಲಾ! ನಿಜವಾದ ಮೆಣಸು! ಅಯ್ಯೋ ಶಿವನೇ! ತೂಕ ಅಂದ್ರೆ ಮುಳುಗ್ಬೇಕು! ನೀರಿಗೆ ಬಿದ್ರೆ ಮತ್ತೆ ಮೇಲೆ ಬರಬಾರ್ದು, ಅಂಥಾದ್ದು ಕಟ್ಟು!"

ನೀರಿಗೆ ಬಿದ್ದರೆ ಮತ್ತೆ ಮೇಲೆ ಬಾರದ್ದು ಯಾವುದು? ಸಿಂಗ್ರ ಮನೆಯೆಲ್ಲ ಹುಡುಕಿದ. ಅತ್ತ ಹೋದ, ಇತ್ತ ಬಂದ. ಒರಳಿನಲ್ಲಿ ಗುಂಡುಕಲ್ಲು ಕಂಡಿತು. ಹೆಗಲಿಗೇರಿಸಿದ. ಗಾಳದ ಕೆಳಗೆ ಒಂದು ಗೇಣು ಬಿಟ್ಟು ಕಟ್ಟಿದ. ನೀರಿಗೆ ಉರುಳಿಸಿದ. ಕಲ್ಲು ಹೋಯಿತು, ದಾರ ಹೋಯಿತು, ಗಾಳ ಹೋಯಿತು, ಬಿದಿರಿನ ಕೋಲೂ ಹೋಯಿತು.

ಕುಣಿಯುತ್ತಾ ಬಂದ. "ಅವ್ವಾ, ಮುಳುಗ್ತು! ಎಷ್ಟೊತ್ತು ಕಾದ್ರೂ ಮೇಲೆ ಬರ್ನಿಲ್ಲ! ನೀನು ಹೇಳ್ದಂಗೇ!"

ಹೊಂಬಾಳವ್ವ ದಡಬಡ ಎದ್ದಳು. ಸೂರಿಗೆ ಸಿಕ್ಕಿಸಿದ್ದ ಗಂಡನ ಚೀಲ ಎಳೆದಳು. ಜೀರಿಗೆಯಷ್ಟು ಗಾಳ ತಾನೇ ಕಟ್ಟಿದಳು. ಸೀಸದ ಚೂರೊಂದನ್ನು ದಾರದ ತುದಿಗೆ ಸುತ್ತಿ ಹಲ್ಲಿನಲ್ಲಿ ಕಚ್ಚಿ ಕೂರಿಸಿದಳು. ಹೊಸ ಕೋಲಿಗೆ ಬಿಗಿದು ಮಗನ ಕೈಗಿಟ್ಟಳು.

"ಇನ್ನು ನೀನೇನೂ ಆರಿಸ್ಬೇಡ. ನನ್ನಪ್ಪಾ, ಕೇಳಿಲ್ಲಿ. ದಾರ ಎಳೆದ್ರೆ ನೀನು ಎಳೀಬೇಡ. ಬಿಟ್ಟುಕೊಡು. ಅದು ಹೋದಷ್ಟು ಹೋಗ್ಲಿ. ಹಂಗೇ ಈ ಮೇಕೇನೂ ಏರಿಮೇಲೆ ಮೇಯೋಕೆ ಹಿಡ್ಕೊಂಡೋಗು, ಹಾಲು ಕಮ್ಮಿ ಆಗ್ಬುಟ್ಟದೆ."

ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಮೇಕೆಯ ಹಗ್ಗ. ಏರಿ ಹತ್ತಿದ. ಹಗ್ಗ ಎಳೆಯಿತು. ಸಿಂಗ್ರ ಎಳೆಯಲಿಲ್ಲ. ಬಿಟ್ಟುಕೊಟ್ಟ. ಇನ್ನೂ ಎಳೆಯಿತು. ಇನ್ನೂ ಬಿಟ್ಟುಕೊಟ್ಟ. ಹಗ್ಗದ ತುದಿ ಬಂತು. ಅದನ್ನೂ ಬಿಟ್ಟುಕೊಟ್ಟ!

"ಮೇಕೆ ಎಲ್ಲೋ?"

"ಹೋದಷ್ಟು ಹೋಗ್ಲಿ ಅಂದ್ಯಲ್ಲ. ತುಂಬಾ ಹೋಯ್ತದೆ ಕಣವ್ವ ಅದು!"

ಹೊಂಬಾಳವ್ವ ಹೊಸಲಿನ ಮೇಲೆ ಕುಸಿದಳು. ಕೂಸಿಗೆ ಇದ್ದದ್ದು ಅದೊಂದೇ ಹಾಲು. ಒಳಗೆ ಕೂಸು ಅತ್ತು ಅತ್ತು ಆಗಷ್ಟೇ ಕಣ್ಣು ಮುಚ್ಚಿದೆ. ಕೂಗಿದರೆ ಏಳುತ್ತೆ, ಎದ್ದರೆ ಬಾಯಿಗೆ ಹಾಕಲು ಏನೂ ಇಲ್ಲ. ಎಂದೂ ಪಿಸುಗುಟ್ಟಿ ಗೊತ್ತಿಲ್ಲದ ಹೊಂಬಾಳವ್ವ ಅವತ್ತು ಪಿಸುಗುಟ್ಟಿದಳು.

"ಸಿಂಗ್ರಾ, ಕೂಸು ಉಳಿಯಲ್ಲ ಕಣೋ. ಇಷ್ಟೊತ್ತು ಹೇಳಿದ್ದೆಲ್ಲ ಮರೆತುಬಿಡು. ಸಣ್ಣ ಗಾಳ ಯಾಕೆ, ಸಣ್ಣ ತೂಕ ಯಾಕೆ? ಮೀನಿಗೆ ಗೊತ್ತಾಗಬಾರದು ಅಂತ. ಅಷ್ಟೇ. ಇದೊಂದು ನೆನಪಿಟ್ಕೋ. ಮೀನಿಗೆ ಗೊತ್ತಾಗಬಾರದು."

ಸಿಂಗ್ರ ಕೋಲೂ ಒಂದು ಬಿಂದಿಗೆಯೂ ಹಿಡಿದು ಹೋದ. ಮೀನಿಗೆ ಗೊತ್ತಾಗಬಾರದು ಅಂತ ಓಡಲಿಲ್ಲ. ಕೆಮ್ಮಲಿಲ್ಲ. ತುರಿಕೆ ಬಂದರೆ ಕೆರೆದುಕೊಳ್ಳಲಿಲ್ಲ. ಹುಟ್ಟಿದಾಗಿನಿಂದ ಕೂತಲ್ಲಿ ಕೂರದವನು ಜೊಂಡಿನ ಪಕ್ಕ ಕಲ್ಲಾಗಿ ಕೂತ. ಹೊತ್ತು ಇಳಿಯಿತು. ದಾರ ಒಂದಿಷ್ಟು ನಡುಗಿತು, ಆಮೇಲೆ ಬಿಗಿಯಾಯಿತು. ಮೊಳದುದ್ದದ ಕೊರವ ಮೀನು! ಎತ್ತಿದರೆ ಗೊತ್ತಾಗುತ್ತಲ್ಲ? ಮೆಲ್ಲಗೆ ನೀರಿಗಿಳಿದು, ಬಿಂದಿಗೆಯನ್ನು ಅದರ ಮುಂದೆ ಮುಳುಗಿಸಿ ಹಿಡಿದ. ಮೀನು ತಾನಾಗಿ ಒಳಗೆ ಹೋಯಿತು. ಮೇಲೆ ಒಂದು ಹಿಡಿ ಜೊಂಡು, ಒಂದು ಹಿಡಿ ಕೆಸರು, ಬಿಂದಿಗೆ ಬಾಯಿಗೊಂದು ತಾವರೆ ಎಲೆ. ಮೀನಿನ ಬಾಯಲ್ಲಿ ಗಾಳವೂ ದಾರವೂ ಇದ್ದ ಹಾಗೇ.

ಬಿಂದಿಗೆ ನೋಡಿ ಹೊಂಬಾಳವ್ವ ಕುಣಿದಾಡಿದಳು. "ತಂದ್ಯಾ ನನ್ನಪ್ಪಾ! ಬಂಗಾರದಂಥ ಮಗ ಕಣೋ! ಎಲ್ಲಿ, ಮಚ್ಚೆಲ್ಲಿ? ಖಾರ ಅರೀಬೇಕು, ಪಕ್ಕದ ಮನೆ ಒರಳು..."

"ಶ್ಶ್!" ಸಿಂಗ್ರ ಅವಳ ಬಾಯಿ ಮುಚ್ಚಿದ. "ಮೆಲ್ಲಗೆ ಮಾತಾಡವ್ವ. ಅದು ಇನ್ನೂ ಕೆರೇಲಿದೀನಿ ಅಂದ್ಕೊಂಡದೆ."

"ಏನು?"

"ಖಾರ ಅರೀಬೇಡ, ಸದ್ದಿಗೆ ಗೊತ್ತಾಯ್ತದೆ. ಈರುಳ್ಳಿ ಹೆಚ್ಚಬೇಡ, ವಾಸನೆಗೆ ಗೊತ್ತಾಯ್ತದೆ. ಅಕ್ಕಂಗೆ ಹೇಳು, ಸಾರು ಕುಡಿಯೋವಾಗ ಆ ಕಡೆ ನೋಡ್ಕೊಂಡು ಕುಡೀಲಿ!"

ಒಳಗಿನಿಂದ ಒಂದು ಸದ್ದು ಬಂತು. ಕೂಸಿನದಲ್ಲ, ಚೆನ್ನಾಜಿಯದು! ಐದು ದಿನ ಗೋಡೆ ನೋಡಿಕೊಂಡು ಮಲಗಿದ್ದವಳು ಎದ್ದು ಕೂತು ನಗುತ್ತಿದ್ದಳು. ತಡೆಯಲು ನೋಡಿದಳು, ಆಗಲಿಲ್ಲ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಎದೆ ಮುಟ್ಟಿ ನೋಡಿಕೊಂಡಳು. ರವಿಕೆ ಒದ್ದೆ!

"ಅವ್ವಾ! ಕೂಸು ಕೊಡು!"

ಕೂಸು ಬಾಯಿ ಹಾಕಿತು. ಚಪ್ ಚಪ್ ಚಪ್. ಹೊಂಬಾಳವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಮಚ್ಚಿಗೆ ಕೈ ಹಾಕಿದಳು.

"ಬೇಡ ಕಣವ್ವ," ಅಂದಳು ಚೆನ್ನಾಜಿ. "ನನ್ನ ಕೂಸಿಗೆ ಹಾಲು ತಂದ ಮೀನು ಅದು. ನಾನು ತಿನ್ನಲಾರೆ. ಕೆರೆ ತಾಯಿ ಗಂಗವ್ವನಿಗೆ ಬಿಟ್ಟುಬಿಡ್ಲಿ."

"ಹಂಗಾದ್ರೆ ಹೋಗ್ಲಾ ಸಿಂಗ್ರಾ, ಕೆರೆಗೆ ಬಿಟ್ಟು ಬಾ. ಬಂದು ಉಣ್ಣು."

ಸಿಂಗ್ರ ಬಿಂದಿಗೆ ಹೊತ್ತು ಹೋದ. ಅನ್ನ ಬೆಂದಿತು. ಸಿಂಗ್ರ ಬರಲಿಲ್ಲ. ಅನ್ನ ಆರಿತು. ಸಿಂಗ್ರ ಬರಲಿಲ್ಲ. ದೇವೀರಜ್ಜಿಯನ್ನು ಬಾಣಂತಿ ಹತ್ತಿರ ಕೂರಿಸಿ ಹೊಂಬಾಳವ್ವ ಏರಿ ಹತ್ತಿದಳು. ನೋಡಿದರೆ ಮಗ ಸೊಂಟದುದ್ದ ನೀರಿನಲ್ಲಿ ನಿಂತಿದ್ದಾನೆ. ಕೈಯಲ್ಲಿ ಬಿಗಿಯಾದ ದಾರ. ದಾರ ಎಡಕ್ಕೆ ಹೋದರೆ ಇವನೂ ಎಡಕ್ಕೆ, ದಾರ ಬಲಕ್ಕೆ ಬಂದರೆ ಇವನೂ ಬಲಕ್ಕೆ.

"ಏನ್ಲಾ ಮಾಡ್ತಿದ್ದೀಯಾ! ಬಿಡು ಅಂದ್ರೆ ಬಿಟ್ಟಿಲ್ವೇನ್ಲಾ ಇನ್ನೂ?"

ಸಿಂಗ್ರ ತುಟಿಯ ಮೇಲೆ ಬೆರಳಿಟ್ಟ.

"ಬಿಟ್ಟು ಆಗ್ಲೇ ಎಷ್ಟೊತ್ತಾಯ್ತು ಕಣವ್ವ! ಬಿಟ್ಟಿರೋದು ಮೀನಿಗೆ ಗೊತ್ತಾಗಬಾರದು ಅಂತ ಹಿಡ್ಕೊಂಡಿದ್ದೀನಿ!"